ತೀವ್ರ ರಕ್ತ ಕ್ಯಾನ್ಸರ್: ದಾನಿಯ ಆಕರಕೋಶ ಕಸಿಗೆ ಮುನ್ನ ನೀಡಲಾಗುವ ಪೂರ್ವಸಿದ್ಧತಾ ಚಿಕಿತ್ಸೆ

ತೀವ್ರ ಲ್ಯುಕೇಮಿಯಾ ಎಂಬುದು ಅಸ್ಥಿಮಜ್ಜೆಯಲ್ಲಿ ಉದ್ಭವಿಸುವ ರಕ್ತ ಕ್ಯಾನ್ಸರ್ ಆಗಿರುತ್ತದೆ. ಅನೇಕ ರೋಗಿಗಳು, ವಿಶೇಷವಾಗಿ ಮಕ್ಕಳು, ಕೀಮೋಥೆರಪಿಯೊಂದರಿಂದಲೇ ಗುಣಮುಖರಾಗುತ್ತಾರೆ. ರೋಗವು ಮರುಕಳಿಸಿದವರಿಗೆ ಅಥವಾ ಮರುಕಳಿಸುವ ಸಂಭವ ಹೆಚ್ಚಾಗಿರುವವರಿಗೆ ದಾನಿಯ ಆಕರಕೋಶ (ಸ್ಟೆಮ್ ಸೆಲ್) ಕಸಿಯನ್ನು ತಜ್ಞರು ಸೂಚಿಸುತ್ತಾರೆ. ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿ ಮತ್ತು ತಿ. ನರಸೀಪುರ ತಾಲ್ಲೂಕಿನ ನಾಗರಿಕರು ಆರ್ಥಿಕ ನೆರವಿಗೆ ಅರ್ಜಿ ಸಲ್ಲಿಸುವ ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ಅರಿತಿರುವುದು ಅವಶ್ಯಕ.

1. ಪೂರ್ವಸಿದ್ಧತಾ ಚಿಕಿತ್ಸೆ ಎಂದರೇನು?

ದಾನಿಯ ಕೋಶಗಳನ್ನು ನೀಡುವುದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ರೋಗಿಗೆ ಪ್ರಬಲವಾದ ಔಷಧಿಗಳನ್ನು, ಕೆಲವೊಮ್ಮೆ ವಿಕಿರಣವನ್ನೂ ನೀಡಲಾಗುತ್ತದೆ. ವೈದ್ಯರು ಇದನ್ನು ಕಂಡಿಷನಿಂಗ್ ಎಂದು ಕರೆಯುತ್ತಾರೆ. ಇದರ ಉದ್ದೇಶಗಳು ಎರಡು. ಮೊದಲನೆಯದು, ದೇಹದಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವುದು. ಎರಡನೆಯದು, ರೋಗಿಯ ರೋಗನಿರೋಧಕ ವ್ಯವಸ್ಥೆಯು ದಾನಿಯ ಕೋಶಗಳನ್ನು ತಿರಸ್ಕರಿಸದಂತೆ ಅದನ್ನು ತಗ್ಗಿಸುವುದು. ನಾಟಿಗೆ ಮುನ್ನ ಗದ್ದೆಯ ಕಳೆ ತೆಗೆದು ಹದ ಮಾಡುವ ಕಾರ್ಯಕ್ಕೆ ಇದನ್ನು ಹೋಲಿಸಬಹುದು.

ಈ ವಿಧಾನಕ್ಕೆ ಅಡಿಪಾಯ ಹಾಕಿದ ಅಮೆರಿಕಾದ ವೈದ್ಯ ಡಾ. ಇ. ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೂ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1986ರಲ್ಲಿಯೂ ಅಸ್ಥಿಮಜ್ಜೆ ಕಸಿ ಪ್ರಾರಂಭವಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿಯೂ ಈಗ ಅಸ್ಥಿಮಜ್ಜೆ ಕಸಿ ಘಟಕವಿದೆ.

2. ಚಿಕಿತ್ಸೆಯ ವಿಧಗಳು

ಅ) ಪೂರ್ಣ ಪ್ರಮಾಣದ ಚಿಕಿತ್ಸೆ: ಬುಸಲ್ಫಾನ್, ಸೈಕ್ಲೋಫಾಸ್ಫಮೈಡ್, ಫ್ಲುಡಾರಾಬಿನ್ ಮುಂತಾದ ಔಷಧಿಗಳನ್ನು ಜೊತೆಗೂಡಿಸಿ ನೀಡಲಾಗುತ್ತದೆ. ಕೆಲವರಿಗೆ ಔಷಧಿಯೊಂದಿಗೆ ಇಡೀ ದೇಹಕ್ಕೆ ವಿಕಿರಣವನ್ನು, ಸಾಮಾನ್ಯವಾಗಿ ಒಟ್ಟು 12 ಗ್ರೇ ಪ್ರಮಾಣದಲ್ಲಿ, ಹಲವು ಕಂತುಗಳಾಗಿ ಕೊಡಲಾಗುತ್ತದೆ. ಲಿಂಫಾಯ್ಡ್ ಬಗೆಯ ತೀವ್ರ ಲ್ಯುಕೇಮಿಯಾ ಇರುವ 4 ವರ್ಷ ಮೇಲ್ಪಟ್ಟ ಮಕ್ಕಳಲ್ಲಿ, ಕೇವಲ ಔಷಧಿಗಳಿಗಿಂತ ವಿಕಿರಣಸಹಿತ ಚಿಕಿತ್ಸೆಯೇ ಉತ್ತಮವೆಂದು 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿದೆ.

ಆ) ತಗ್ಗಿಸಿದ ಪ್ರಮಾಣದ ಚಿಕಿತ್ಸೆ: ವಯಸ್ಸಾದವರಿಗೆ ಮತ್ತು ಹೃದಯ, ಶ್ವಾಸಕೋಶ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ಕಡಿಮೆ ತೀವ್ರತೆಯ ಔಷಧಿಗಳನ್ನು ನೀಡಲಾಗುತ್ತದೆ. ಇಲ್ಲಿ ಉಳಿದ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವ ಕೆಲಸವನ್ನು ಬಹುಮಟ್ಟಿಗೆ ದಾನಿಯ ರೋಗನಿರೋಧಕ ಕೋಶಗಳೇ ನಿರ್ವಹಿಸುತ್ತವೆ. ಈ ವಿಧಾನದಲ್ಲಿ ದೇಹದ ಮೇಲಿನ ಹೊರೆ ಕಡಿಮೆ. ಆದರೆ ರೋಗ ಮರುಕಳಿಸುವ ಸಂಭವ ಹೆಚ್ಚು.

3. ದಿನಗಳ ಲೆಕ್ಕ

ದಾನಿಯ ಕೋಶಗಳನ್ನು ನೀಡುವ ದಿನವನ್ನು ‘ಸೊನ್ನೆ ದಿನ’ವೆಂದು ಪರಿಗಣಿಸಲಾಗುತ್ತದೆ. ಪೂರ್ವಸಿದ್ಧತಾ ಚಿಕಿತ್ಸೆಯು ಅದಕ್ಕೆ ಸುಮಾರು ಒಂದು ವಾರ ಮೊದಲು ಆರಂಭವಾಗುತ್ತದೆ. ಕೋಶಗಳನ್ನು ರಕ್ತ ಕೊಡುವ ರೀತಿಯಲ್ಲಿಯೇ ರಕ್ತನಾಳದ ಮೂಲಕ ನೀಡಲಾಗುವುದರಿಂದ ಶಸ್ತ್ರಚಿಕಿತ್ಸೆಯ ಅಗತ್ಯವಿರುವುದಿಲ್ಲ. ಹೊಸ ಮಜ್ಜೆಯು ಕೆಲಸ ಪ್ರಾರಂಭಿಸಲು ಸಾಮಾನ್ಯವಾಗಿ 2ರಿಂದ 4 ವಾರಗಳು ಬೇಕಾಗುತ್ತವೆ.

4. ಅಡ್ಡ ಪರಿಣಾಮಗಳು

ವಾಂತಿ, ಭೇದಿ, ಬಾಯಿಹುಣ್ಣು ಮತ್ತು ಕೂದಲು ಉದುರುವಿಕೆ ಸಾಮಾನ್ಯ. ಬಿಳಿ ರಕ್ತಕಣಗಳು ಇಲ್ಲದಂತಾಗುವುದರಿಂದ ಸೋಂಕಿನ ಭಯವು ಅತ್ಯಧಿಕವಾಗಿರುತ್ತದೆ. ಆದ್ದರಿಂದ ರೋಗಿಯನ್ನು ಪ್ರತ್ಯೇಕ ಕೊಠಡಿಯಲ್ಲಿ ಇರಿಸಲಾಗುತ್ತದೆ. ಬುಸಲ್ಫಾನ್‌ನಿಂದ ಅಪಸ್ಮಾರ ಉಂಟಾಗದಂತೆ ಮುಂಚಿತವಾಗಿಯೇ ಔಷಧಿ ಕೊಡಲಾಗುತ್ತದೆ. ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದು ಅಪರೂಪವಾದರೂ ಗಂಭೀರವಾದ ತೊಂದರೆಯಾಗಿದೆ. ಈ ಚಿಕಿತ್ಸೆಯ ಅವಧಿಯಲ್ಲಿ ಪ್ರಾಣಾಪಾಯದ ಸಾಧ್ಯತೆಯೂ ಇರುವುದರಿಂದ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ವೈದ್ಯರಿಂದ ಸಂಪೂರ್ಣ ವಿವರ ಪಡೆಯತಕ್ಕದ್ದು.

5. ಪ್ರಾರಂಭಕ್ಕೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

ಪೂರ್ಣ ಪ್ರಮಾಣದ ಚಿಕಿತ್ಸೆ ಪ್ರಾರಂಭವಾದ ನಂತರ ಅರ್ಧದಲ್ಲಿ ನಿಲ್ಲಿಸಿ ಹಿಂದಿರುಗಲು ಸಾಧ್ಯವಿಲ್ಲ. ರೋಗಿಯ ಸ್ವಂತ ಮಜ್ಜೆಯು ಮರಳಿ ಚೇತರಿಸಿಕೊಳ್ಳದಿರುವುದರಿಂದ, ದಾನಿಯ ಕೋಶಗಳು ದೊರೆಯದಿದ್ದಲ್ಲಿ ಜೀವ ಉಳಿಯುವುದು ಕಷ್ಟ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಮೊದಲೇ ಪೂರ್ಣಗೊಳಿಸತಕ್ಕದ್ದು.

• ದಾನಿಯ ವೈದ್ಯಕೀಯ ಪರೀಕ್ಷೆ ಮತ್ತು ಲಿಖಿತ ಒಪ್ಪಿಗೆ. ದಾನಿಗೆ ನಿರಾಕರಿಸುವ ಹಕ್ಕು ಇರುತ್ತದೆ; ಆತನ ಮೇಲೆ ಒತ್ತಡ ಹೇರಬಾರದು. ಕುಟುಂಬದಲ್ಲಿ ಇರಬಹುದಾದ ಹಿಂಜರಿಕೆಯನ್ನು ಈ ಹಂತದಲ್ಲಿಯೇ ತಿಳಿಸುವುದು ಎಲ್ಲರಿಗೂ ಕ್ಷೇಮಕರ. ಕೆಲವು ಕೇಂದ್ರಗಳಲ್ಲಿ ದಾನಿಯ ಕೋಶಗಳನ್ನು ಮೊದಲೇ ಸಂಗ್ರಹಿಸಿ ಶೈತ್ಯದಲ್ಲಿಡುವ ವ್ಯವಸ್ಥೆಯಿದೆ.
• ಒಬ್ಬ ಒಡಹುಟ್ಟಿದವರ ಅಂಗಾಂಶ ಪೂರ್ಣವಾಗಿ ಹೊಂದುವ ಸಾಧ್ಯತೆ ಶೇ. 25 ಮಾತ್ರ. ಹೊಂದದಿದ್ದಲ್ಲಿ ಅರ್ಧ ಹೊಂದುವ ತಂದೆ, ತಾಯಿ ಅಥವಾ ಮಕ್ಕಳಿಂದ ಅಥವಾ ದಾನಿಗಳ ನೋಂದಣಿ ಸಂಸ್ಥೆಗಳ ಮೂಲಕ ಪ್ರಯತ್ನಿಸಬಹುದು.
• ಈ ಚಿಕಿತ್ಸೆಯಿಂದ ಸಂತಾನಶಕ್ತಿ ನಷ್ಟವಾಗುವ ಸಂಭವ ಹೆಚ್ಚು. ಯುವ ರೋಗಿಗಳು ವೀರ್ಯ ಅಥವಾ ಅಂಡಾಣು ಸಂರಕ್ಷಣೆಯ ಬಗ್ಗೆ ಸಂಕೋಚವಿಲ್ಲದೆ ಮೊದಲೇ ವಿಚಾರಿಸತಕ್ಕದ್ದು.
• ಹಲ್ಲಿನ ಸೋಂಕಿಗೆ ಚಿಕಿತ್ಸೆ, ರಕ್ತ ಮತ್ತು ಪ್ಲೇಟ್‌ಲೆಟ್ ದಾನಿಗಳ ಏರ್ಪಾಡು, ಹಾಗೂ ಕೆಲವು ತಿಂಗಳು ಆಸ್ಪತ್ರೆಯ ಸಮೀಪ ವಾಸಿಸಲು ವ್ಯವಸ್ಥೆ.

6. ಸೌಲಭ್ಯ ಪಡೆಯುವ ವಿಧಾನ

ಗ್ರಾಮಸ್ಥರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಿ, ಅಲ್ಲಿಂದ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಅಥವಾ ಕಿದ್ವಾಯಿ ಸಂಸ್ಥೆಗೆ ಶಿಫಾರಸು ಪತ್ರ ಪಡೆಯಬಹುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ, ಇತರರಿಗೆ ನಿಗದಿತ ದರದ ಶೇ. 30ರಷ್ಟು, ರೂ. 1.50 ಲಕ್ಷದ ಮಿತಿಗೊಳಪಟ್ಟು ನೆರವು ದೊರೆಯುತ್ತದೆ. ಕಸಿಯ ಯಾವ ಹಂತದ ವೆಚ್ಚವು ಯೋಜನೆಯಡಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ದಿನಾಂಕ ನಿಗದಿಯಾಗುವ ಮೊದಲೇ ತಿಳಿದುಕೊಳ್ಳತಕ್ಕದ್ದು. ಉಳಿದ ವೆಚ್ಚಕ್ಕಾಗಿ ಮುಖ್ಯಮಂತ್ರಿಗಳ ಪರಿಹಾರ ನಿಧಿ ಮತ್ತು ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಸಲ್ಲಿಸಬಹುದು. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲು ದರದಲ್ಲಿ ರಿಯಾಯಿತಿ ಇದೆ.

ಅರ್ಜಿಯೊಂದಿಗೆ ಪಡಿತರ ಚೀಟಿ, ಆಧಾರ್, ಶಿಫಾರಸು ಪತ್ರ, ರೋಗನಿರ್ಣಯ ವರದಿಗಳು ಮತ್ತು ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಕಸಿಗೆ ಸೂಕ್ತವಾದ ಸಮಯವು ರೋಗ ಹತೋಟಿಯಲ್ಲಿರುವ ಅವಧಿಯೇ ಆಗಿರುವುದರಿಂದ, ವೈದ್ಯರು ಕಸಿಯನ್ನು ಸೂಚಿಸಿದ ಕೂಡಲೇ ಅರ್ಜಿಯ ಕೆಲಸವನ್ನೂ ಪ್ರಾರಂಭಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.