ಶಿವಾಲದಲ್ಲಿ ಒಂದು ‘ಬಡಾ ದಿನ್’

ಕಾಶಿಯಲ್ಲಿದ್ದುಕೊಂಡು ಕ್ರಿಸ್‌ಮಸ್ಸಿನ ವಿಚಾರ ಬರೆಯುತ್ತೇವೆಂದರೆ ನಮ್ಮ ಓದುಗರಲ್ಲಿ ಹಿರಿಯರಾದವರು ಹುಬ್ಬು ಹಾರಿಸಬಹುದು. ವಿಶ್ವನಾಥನಿದ್ದಾನೆ, ಅನ್ನಪೂರ್ಣೆಯಿದ್ದಾಳೆ, ಗಂಗೆಯಿದ್ದಾಳೆ, ಇವರಿಗೆ ಬರೆಯಲು ಬೇರೇನೂ ಸಿಗಲಿಲ್ಲವೆ ಎನ್ನಲೂಬಹುದು. ಆದರೆ ಈ ಊರಿನಲ್ಲಿ ಒಂದು ಚಳಿಗಾಲ ಕಳೆದವರಿಗೆ ಗೊತ್ತಿದೆ: ಡಿಸೆಂಬರ್ 25 ಇಲ್ಲಿನವರ ಬಾಯಲ್ಲಿ ‘ಬಡಾ ದಿನ್’, ಎಂದರೆ ದೊಡ್ಡ ದಿನ. ಅಂದು ಕಂಟೋನ್ಮೆಂಟಿನ ಸೇಂಟ್ ಮೇರಿ ಕೆಥೆಡ್ರಲ್ ಬಳಿ ಜಾತ್ರೆಯೇ ನೆರೆಯುತ್ತದೆ. ಬಂದವರಲ್ಲಿ ಹಣೆಗೆ ಕುಂಕುಮವಿಟ್ಟವರೇ ಹೆಚ್ಚು. ಮಕ್ಕಳ ಕೈಹಿಡಿದು ಗೋದಲಿ ನೋಡಿ, ಮೇಣದ ಬತ್ತಿ ಹಚ್ಚಿ, ಕಡಲೆಕಾಯಿ ತಿನ್ನುತ್ತ ಮನೆಗೆ ಹೋಗುತ್ತಾರೆ.

ಅದೇ ದಿನ ಪಂಡಿತ ಮದನಮೋಹನ ಮಾಳವೀಯರು ಹುಟ್ಟಿದ ದಿನವೂ ಹೌದು (1861). ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಆಗ ಹೂವಿನ ಪ್ರದರ್ಶನ ನಡೆಯುತ್ತದೆ. ಆ ವಿಶ್ವವಿದ್ಯಾನಿಲಯದ ಮೊಟ್ಟಮೊದಲ ಛಾನ್ಸಲರ್ ಆಗಿದ್ದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಆ ಅಭಿಮಾನವೂ ಸೇರಿ ನಾವು ಸಂಸಾರ ಸಮೇತ ವರ್ಷವರ್ಷವೂ ಹೂ ನೋಡಲು ಹೋಗುವ ರೂಢಿ. 2023ರಲ್ಲಿ ಮಾತ್ರ ಅದು ತಪ್ಪಿತು. ತಪ್ಪಿದ್ದು ಹೇಗೆಂಬುದನ್ನೇ ಈಗ ಹೇಳಹೊರಟಿದ್ದೇವೆ.

ನಾವು ಕಚೇರಿಯ ವರ್ಗಾವಣೆಯಿಂದ ಕಾಶಿಗೆ ಬಂದದ್ದು 2019ರಲ್ಲಿ. ಗುಮಾಸ್ತೆಯ ಸಂಬಳಕ್ಕೆ ಒದಗುವ ಬಾಡಿಗೆಯಲ್ಲಿ ಶಿವಾಲದ ಒಂದು ಗಲ್ಲಿಯಲ್ಲಿ, ಹಾಲಿನ ಅಂಗಡಿಯ ಮೇಲ್ಗಡೆ, ಎರಡು ಕೋಣೆಗಳ ಮನೆ ಸಿಕ್ಕಿತು. ಶಿವಾಲವೆಂದರೆ ಕನ್ನಡಿಗರಿಗೆ ತೀರ ಪರಸ್ಥಳವೂ ಅಲ್ಲ. ನದಿಯ ದಂಡೆಯಲ್ಲೇ ಬಡಗಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಹನುಮಾನ್ ಘಾಟು, ಅದರಾಚೆ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟು, ಅದಕ್ಕೂ ಆಚೆ ಹರಿಶ್ಚಂದ್ರ ಘಾಟು. ಹನುಮಾನ್ ಘಾಟಿನ ಗಲ್ಲಿಗಳಲ್ಲಿ ದಕ್ಷಿಣದ ಪುರೋಹಿತರ ಮನೆಗಳು. ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ ಒಗ್ಗರಣೆಯ ವಾಸನೆಯಿಂದಲೇ ನಮ್ಮ ಕಡೆಯವರ ಮನೆಯೆಂದು ಗುರುತು ಸಿಗುತ್ತದೆ. ತೆಂಕಣ ಮಗ್ಗುಲಿಗೆ ರಾಜಾ ಚೇತ್ ಸಿಂಗನ ಕೋಟೆ. 1781ರ ಆಗಸ್ಟಿನಲ್ಲಿ ವಾರನ್ ಹೇಸ್ಟಿಂಗ್ಸ್ ಅವನನ್ನು ಅಲ್ಲಿ ಸೆರೆಯಿಟ್ಟಾಗ ಅವನು ಪೇಟಗಳನ್ನು ಗಂಟುಹಾಕಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ಗಂಗೆಯ ಕಡೆಗೆ ಇಳಿದು ಪಾರಾದ ಕತೆಯನ್ನು ನಮ್ಮ ಹಾಲಿನವನು ನಿನ್ನೆ ಮೊನ್ನೆ ತಾನೇ ನಿಂತು ನೋಡಿದಂತೆ ಹೇಳುತ್ತಾನೆ.

ಇಷ್ಟೆಲ್ಲ ಬಲ್ಲ ನಮಗೆ ಅದೇ ಶಿವಾಲದಲ್ಲಿ, ನಮ್ಮ ಮನೆಗೆ ಎರಡು ಗಲ್ಲಿಗಳಾಚೆ, ಮದರ್ ತೆರೇಸಾರವರ ‘ಮಿಷನರೀಸ್ ಆಫ್ ಚಾರಿಟಿ’ಯ ಸಿಸ್ಟರುಗಳು ನಡೆಸುವ ಆಶ್ರಯಧಾಮ ಒಂದಿದೆಯೆಂಬುದು ಗೊತ್ತಿರಲಿಲ್ಲವೆಂದಲ್ಲ. ನೀಲಿ ಅಂಚಿನ ಬಿಳಿ ಸೀರೆಯುಟ್ಟವರು ತರಕಾರಿ ಚೀಲ ಹಿಡಿದು ಹೋಗುವುದನ್ನು ಎಷ್ಟೋ ಸಲ ಕಂಡಿದ್ದೆವು. ನಾಲ್ಕು ವರ್ಷ ಆ ಬಾಗಿಲ ಮುಂದೆಯೇ ಓಡಾಡಿದ್ದೆವು. ಒಳಗೆ ಯಾರಿದ್ದಾರೆಂದು ಒಂದು ದಿನವೂ ಇಣುಕಿರಲಿಲ್ಲ.

ನಮ್ಮ ತಾಯಿಯವರು ತೀರಿಕೊಂಡ ಮೇಲೆ, 2022ರಲ್ಲಿ, ತಂದೆಯವರನ್ನು ಹಾಸನದ ಕಡೆಯ ಹಳ್ಳಿಯಿಂದ ಇಲ್ಲಿಗೆ ಕರೆತಂದೆವು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಮಡಿವಂತರು. ಪರರ ಮನೆಯಲ್ಲಿ ಕಾಫಿ ಕುಡಿಯಬೇಕಾದರೆ ಮೊದಲು ಆ ಮನೆಯ ಮೂರು ತಲೆಮಾರು ವಿಚಾರಿಸುವ ಜಾತಿ. ಹಿಂದಿ ಒಂದಕ್ಷರ ಬಾರದು. ಅಷ್ಟು ಹೊತ್ತಿಗೆ ಸಣ್ಣಗೆ ಮರೆವೂ ಶುರುವಾಗಿತ್ತು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವರು. ವಯಸ್ಸಾದವರಿಗೆ ಇದ್ದದ್ದೇ ಎಂದು ನಾವೂ ನಕ್ಕು ಸುಮ್ಮನಿದ್ದೆವು.

ಬೆಳಗಿನ ಗಂಗಾಸ್ನಾನ ಅವರ ನೇಮ. ಕರ್ನಾಟಕ ಘಾಟೇ ಆಗಬೇಕು, ಬೇರೆಯದು ಒಗ್ಗದು. ಜೊತೆಗೆ ನಾವು ಹೋಗಬೇಕೆಂಬುದು ಮನೆಯ ಕಟ್ಟಳೆ. 2023ರ ಡಿಸೆಂಬರ್ 24 ಭಾನುವಾರ, ಮರುದಿನವೂ ರಜಾ. ಹೊರಗೆ ಕೈ ಚಾಚಿದರೆ ಕೈ ಕಾಣದಂಥ ಮಂಜು. ನಾವು ಜೊತೆಗೆ ಹೋಗಿರುವೆವೆಂದು ನಮ್ಮಾಕೆ ಅಡಿಗೆಯ ಮನೆಯಲ್ಲಿ ತಿಳಿದಿದ್ದಳು. ನಾವೋ, ತಂದೆಯವರು ಇನ್ನೂ ಎದ್ದಿಲ್ಲವೆಂದುಕೊಂಡು ರಜಾಯಿಯೊಳಗಿದ್ದೆವು. ಏಳೂವರೆಗೆ ಎದ್ದು ನೋಡಿದರೆ ಅವರ ಹಾಸಿಗೆ ಮಡಿಸಿಟ್ಟಿತ್ತು.

ಕರ್ನಾಟಕ ಘಾಟಿಗೆ ಓಡಿದೆವು. ಮೆಟ್ಟಿಲ ಮೇಲೆ ಅವರ ಹಿತ್ತಾಳೆ ಚೊಂಬು, ಅದರ ಪಕ್ಕದಲ್ಲಿ ಮಡಿಸಿಟ್ಟ ಒಣ ಪಂಚೆ. ಅವರಿಲ್ಲ. ಎದುರಿಗೆ ಮಂಜು, ಮಂಜಿನ ಕೆಳಗೆ ನೀರು.

ಆ ಗಳಿಗೆಯನ್ನು ವರ್ಣಿಸುವ ಶಕ್ತಿ ನಮ್ಮ ಲೇಖನಿಗಿಲ್ಲ. ದೋಣಿಯವರು ಒಳ್ಳೆಯವರು, ಕೇಳುವ ಮೊದಲೇ ಇಬ್ಬರು ದೋಣಿ ಬಿಟ್ಟು ದಡದುದ್ದಕ್ಕೂ ನೋಡಿಬಂದರು. ನಾವು ಚೊಂಬು ಪಂಚೆಗಳನ್ನು ಎದೆಗವಚಿಕೊಂಡು ಬಡಗಣಕ್ಕೆ ನಡೆದೆವು: ಹರಿಶ್ಚಂದ್ರ, ಕೇದಾರ, ದಶಾಶ್ವಮೇಧ, ಅಲ್ಲಿ ಜಲ ಪೊಲೀಸರಿಗೆ ದೂರು, ಅಲ್ಲಿಂದ ಮಣಿಕರ್ಣಿಕಾ. ಜನ ಹೆಚ್ಚಾಗಿರುವ ದಿಕ್ಕಿಗೇ ಹೋಗಿರಬೇಕೆಂಬುದು ನಮ್ಮ ತರ್ಕ. ಬಿ.ಎ. ಓದಿದವರ ತರ್ಕ. ಅವರು ಹೋದದ್ದು ತೆಂಕಣಕ್ಕೆ.

ಮಧ್ಯಾಹ್ನ ಕಳೆದು ನಾಲ್ಕರ ಹೊತ್ತಿಗೆ ನಮ್ಮಾಕೆಯಿಂದ ಫೋನು ಬಂತು. ಆಕೆಗೆ ಮಾತು ಹೊರಡದೆ ಫೋನನ್ನು ನಮ್ಮ ಏಳು ವರ್ಷದ ಮಗಳ ಕೈಗೆ ಕೊಟ್ಟಳು. ಮಗಳು ಹೇಳಿದ್ದಿಷ್ಟು: “ತಾತ ಸಿಸ್ಟರ್ ಮನೇಲಿದ್ದಾರಂತೆ. ಕೇಕ್ ತಿಂತಿದ್ದಾರಂತೆ.”

ನಡೆದದ್ದು ಹೀಗೆ. ಸ್ನಾನ ಮಾಡಿ ಮೇಲೆ ಬಂದವರಿಗೆ ಮಂಜಿನಲ್ಲಿ ಚೊಂಬು ಇಟ್ಟ ಮೆಟ್ಟಿಲು ಕಾಣಲಿಲ್ಲ. ಹುಡುಕುತ್ತ ಹುಡುಕುತ್ತ ಒಂದೊಂದೇ ಘಾಟು ದಾಟಿ ಶಿವಾಲದ ಮೆಟ್ಟಿಲಿಗೆ ಬಂದು, ಒದ್ದೆ ಪಂಚೆಯಲ್ಲೇ ಕುಳಿತುಬಿಟ್ಟರು. ಚಳಿಗೆ ತುಟಿ ನೀಲಿಯಾಗಿ, ಕೇಳಿದವರಿಗೆ ಕನ್ನಡದಲ್ಲಿ ತಮ್ಮ ಹಳ್ಳಿಯ ಹೆಸರನ್ನು ಮಾತ್ರ ಹೇಳುತ್ತಿದ್ದರಂತೆ. ದೋಣಿಯವರ ಹುಡುಗನೊಬ್ಬ ಕೈಹಿಡಿದು ಸಿಸ್ಟರುಗಳ ಬಾಗಿಲಿಗೆ ಕರೆದೊಯ್ದ. ಯಾರೂ ಇಲ್ಲದವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದು ಆ ಹುಡುಗನಿಗೆ ಗೊತ್ತಿತ್ತು.

ಈ ಸಿಸ್ಟರುಗಳ ಕೆಲಸದ ಮೂಲವನ್ನು ನಾವು ಆಮೇಲೆ ಓದಿ ತಿಳಿದೆವು. 1910ರಲ್ಲಿ ಸ್ಕೋಪಿಯೆ ಪಟ್ಟಣದಲ್ಲಿ ಹುಟ್ಟಿದ ಮದರ್ ತೆರೇಸಾ ಭಾರತಕ್ಕೆ ಬಂದದ್ದು 1929ರಲ್ಲಿ. ಅವರ ಸಂಘಕ್ಕೆ ಮನ್ನಣೆ ದೊರೆತದ್ದು 1950ರ ಅಕ್ಟೋಬರಿನಲ್ಲಿ. ಬೀದಿಯಲ್ಲಿ ಸಾಯುತ್ತ ಬಿದ್ದವರಿಗಾಗಿ ಅವರು ಮೊದಲ ಮನೆ ತೆರೆದದ್ದು 1952ರಲ್ಲಿ, ಕಲ್ಕತ್ತೆಯ ಕಾಳೀಘಾಟಿನಲ್ಲಿ. ಕಾಳಿಯ ಗುಡಿಗೆ ಬರುವ ಯಾತ್ರಿಕರಿಗೆಂದು ಇದ್ದ ಛತ್ರವನ್ನೇ ಅಲ್ಲಿನ ಕಾರ್ಪೊರೇಷನ್ನಿನವರು ಬಿಟ್ಟುಕೊಟ್ಟಿದ್ದರು. ಮೊದಮೊದಲು ಗುಡಿಯ ಸುತ್ತಿನವರು ವಿರೋಧಿಸಿದರೆಂದೂ, ಕ್ಷಯ ಹಿಡಿದ ಅರ್ಚಕರೊಬ್ಬರನ್ನು ಆ ಮನೆಯಲ್ಲಿ ಕೊನೆಯವರೆಗೆ ನೋಡಿಕೊಂಡದ್ದನ್ನು ಕಂಡ ಮೇಲೆ ವಿರೋಧ ತಣ್ಣಗಾಯಿತೆಂದೂ ಹೇಳುತ್ತಾರೆ. ಮದರ್ ಅವರಿಗೆ 1979ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ, 1980ರಲ್ಲಿ ಭಾರತರತ್ನ ಸಂದವು. 1997ರಲ್ಲಿ ಅವರು ತೀರಿಕೊಂಡರು. ಮುಕ್ತಿಗೆಂದು ಜನ ಬರುವ ಕಾಶಿಯಲ್ಲಿ ಇಂಥ ಸೇವೆ ಹೊಸದೇನಲ್ಲವೆನ್ನಿ. ವಿವೇಕಾನಂದರ ಮಾತಿನಿಂದ ಹುರಿದುಂಬಿದ ಕೆಲವು ತರುಣರು 1900ರಲ್ಲಿ ಆರಂಭಿಸಿದ ಸೇವೆಯೇ ಬೆಳೆದು ಲಕ್ಸಾ ಪೇಟೆಯ ರಾಮಕೃಷ್ಣ ಸೇವಾಶ್ರಮದ ಆಸ್ಪತ್ರೆಯಾಗಿದೆ.

ಶಿವಾಲದ ಕತೆಗೆ ಹಿಂದಿರುಗೋಣ. ಸಿಸ್ಟರುಗಳು ತಂದೆಯವರಿಗೆ ಒಣ ಬಟ್ಟೆ ಉಡಿಸಿ, ಕೆಂಪು ಕಂಬಳಿ ಹೊದಿಸಿ, ಬಿಸಿ ಖಿಚಡಿ ಉಣ್ಣಿಸಿದ್ದರು. ಆದರೆ ಅವರು ಯಾರು, ಎಲ್ಲಿಯವರು? ಮಾತು ಯಾರಿಗೂ ತಿಳಿಯದು. ಬಾಗಿಲು ತೆರೆದ ಸಿಸ್ಟರು ರಾಂಚಿಯ ಕಡೆಯವರು. ತಂದೆಯವರು ತಮ್ಮಷ್ಟಕ್ಕೆ ಗೊಣಗುತ್ತಿದ್ದಾಗ ಅಂಗಳದ ಬಿಸಿಲಿಗೆ ಕುಳಿತಿದ್ದ ಒಬ್ಬ ಮುದುಕರು, ಎಲ್ಲರೂ ‘ಬಾಬಾ’ ಎನ್ನುವವರು, ಕತ್ತೆತ್ತಿ ನೋಡಿದರಂತೆ. ಹತ್ತಿರ ಬಂದು ಕೇಳಿದರಂತೆ: “ಯಾವೂರ್ರೀ ನಿಮ್ಮದು?”

ಬಾಬಾ ವಿಜಯಪುರದ ಕಡೆಯವರು. ಅವರ ಬಾಯಲ್ಲಿ ಅದಿನ್ನೂ ಬಿಜಾಪುರವೇ. ಹಲವು ವರ್ಷಗಳ ಹಿಂದೆ ಊರಿನವರ ಗುಂಪಿನೊಡನೆ ಯಾತ್ರೆಗೆ ಬಂದವರು. ಗುಂಪು ತಪ್ಪಿತೋ, ಗುಂಪೇ ಬಿಟ್ಟುಹೋಯಿತೋ, ಒಂದು ದಿನ ಹೀಗೆ ಹೇಳುತ್ತಾರೆ, ಒಂದು ದಿನ ಹಾಗೆ. ನಾವು ಮತ್ತೆ ಕೆದಕಿಲ್ಲ. ಅವರೇ ತಂದೆಯವರ ಬಾಯಿಂದ ಒಂದೊಂದಾಗಿ ಬಿಡಿಸಿದರು: ಮಗ ಗುಮಾಸ್ತೆ, ಮನೆ ಮಹಡಿಯ ಮೇಲೆ, ಕೆಳಗೆ ಹಾಲಿನ ಅಂಗಡಿ. ತಮ್ಮ ಹರಕು ಹಿಂದಿಯಲ್ಲಿ ಸಿಸ್ಟರಿಗೆ ತಿಳಿಸಿದರು. ಹಾಲಿನ ಅಂಗಡಿಗಳನ್ನು ಕೇಳುತ್ತ ಹೊರಟ ಆಳು ಮೂರನೆಯ ಅಂಗಡಿಯಲ್ಲಿ ನಮ್ಮ ಮನೆ ಕಂಡುಹಿಡಿದ.

ನಾವು ಹೋದಾಗ ದೀಪ ಹಚ್ಚುವ ಹೊತ್ತು. ಒಂದು ಮೂಲೆಯಲ್ಲಿ ಹುಲ್ಲು ಹಾಸಿ, ಕಾಗದದ ನಕ್ಷತ್ರ ಕಟ್ಟಿ, ಗೋದಲಿ ಸಿದ್ಧಪಡಿಸುತ್ತಿದ್ದರು. ಅದರ ಪಕ್ಕದಲ್ಲೇ ತಂದೆಯವರು, ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು, ಕಂಬಳಿಯೊಳಗೆ. ನಮ್ಮನ್ನು ನೋಡಿ ಅವರು ಆಡಿದ ಮೊದಲ ಮಾತು: “ಚೊಂಬು ತಂದೆಯಾ?”

ಚೊಂಬು ಕೈಯಲ್ಲೇ ಇತ್ತು. ಬೆಳಗಿನಿಂದ ಅದನ್ನು ಕೆಳಗಿಟ್ಟಿರಲಿಲ್ಲ.

ಹೊರಡುವಾಗ ಲಕೋಟೆಯಲ್ಲಿ ಐನೂರು ರೂಪಾಯಿ ಇಟ್ಟು ಸಿಸ್ಟರ ಮುಂದೆ ಹಿಡಿದೆವು. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಕೃತಜ್ಞತೆಯೆಂದರೆ ಲಕೋಟೆಯೇ ನೆನಪಾಗುತ್ತದೆ, ಏನು ಮಾಡುವುದು. ಅವರು ಎಣಿಸದೆ ಅದನ್ನು ಪೆಟ್ಟಿಗೆಗೆ ಹಾಕಿ, ಹಿಂದಿಯಲ್ಲಿ ಒಂದು ಮಾತು ಕೇಳಿದರು. ನಾಳೆ ಬಡಾ ದಿನ್. ನಿಮ್ಮ ತಂದೆಯವರನ್ನು ಕರೆದುಕೊಂಡು ಬರುವಿರಾ? ಬಾಬಾ ಇಷ್ಟು ಮಾತಾಡಿದ್ದನ್ನು ನಾವು ಕಂಡೇ ಇಲ್ಲ.

ದಾರಿಯಲ್ಲಿ ತಂದೆಯವರು ಮಾತಾಡಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ, “ಅವರ ಖಿಚಡಿಗೆ ಉಪ್ಪು ಸಾಲದು,” ಎಂದರು. ಸ್ವಲ್ಪ ತಡೆದು, “ಬಿಸಿಯಾಗಿತ್ತು,” ಎಂದರು. ಮರುದಿನ ನಮ್ಮಾಕೆ ಅವರ ಕಂಬಳಿಯನ್ನು ಬೇರೆಯಿಡಬೇಕೋ, ಒಗೆಯಬೇಕೋ ಎಂದು ಸಂಕೋಚದಿಂದ ಕೇಳಿದಳು. “ಯಾಕೆ? ಚೆನ್ನಾಗಿಯೇ ಇದೆಯಲ್ಲ,” ಎಂದು ಅದನ್ನೇ ಹೊದ್ದು ಕುಳಿತರು.

ಹೂವಿನ ಪ್ರದರ್ಶನ ಹಾಗೇ ಉಳಿಯಿತು. ಮೊದಲೇ ಸಿಸ್ಟರನ್ನು ಕೇಳಿಕೊಂಡು, ನಮ್ಮಾಕೆ ಹನುಮಾನ್ ಘಾಟಿನ ಒಂದು ಮನೆಯಿಂದ ದೊಡ್ಡ ಪಾತ್ರೆ ಎರವಲು ತಂದು ನಿಂಬೆಹಣ್ಣಿನ ಚಿತ್ರಾನ್ನ ಕಲಸಿದಳು. ಮಗಳು ತನ್ನ ಚನ್ನಪಟ್ಟಣದ ಮರದ ಕುದುರೆಯನ್ನು ಗೋದಲಿಯ ಕುರಿಗಳ ಮಧ್ಯೆ ನಿಲ್ಲಿಸಿದಳು. (ಕಾಶಿಯಲ್ಲೂ ಅರಗಿನ ಬಣ್ಣದ ಮರದ ಆಟಿಕೆಗಳಿಗೆ ಹೆಸರಿದೆ, ಆದರೂ ಅವಳಿಗೆ ಚನ್ನಪಟ್ಟಣದ್ದೇ ಹೆಚ್ಚು.) ಬೆತ್ಲೆಹೇಮಿಗೆ ಬಂದ ಆ ಕೆಂಪು ಕುದುರೆಯನ್ನು ಸಿಸ್ಟರು ತೆಗೆಯದೆ ನಕ್ಕರು. ತಂದೆಯವರು ಗೋದಲಿಯನ್ನು ಬಗ್ಗಿ ನೋಡಿ, ಮೇಷ್ಟರ ಧಾಟಿಯಲ್ಲಿ ಬಾಬಾ ಅವರಿಗೆ ವಿವರಿಸಿದರು: “ನಮ್ಮ ದಸರೆಯ ಹಾಗೆ. ಇವರದೂ ಗೊಂಬೆ ಕೂರಿಸುವ ಹಬ್ಬ.”

ಬಾಬಾ ಚಿತ್ರಾನ್ನ ತಿಂದು ಚೆನ್ನಾಗಿದೆ ಎಂದರು. ಆಮೇಲೆ ತಲೆ ತಗ್ಗಿಸಿ, “ರೊಟ್ಟಿ ಮಾಡಾಕ ಬರತೈತೇನ್ರಿ ತಂಗಿ?” ಎಂದು ಕೇಳಿದರು.

ನಮ್ಮಾಕೆ ಹಾಸನದ ಕಡೆಯವಳು. ಜೋಳದ ರೊಟ್ಟಿ ಬಡಿದವಳಲ್ಲ. ಹಿಟ್ಟಿಗಾಗಿ ನಾವು ನಾಲ್ಕು ಅಂಗಡಿ ಸುತ್ತಿದೆವು. ಮೊದಲ ದಿನ ರೊಟ್ಟಿ ಕೈಯಲ್ಲೇ ಹರಿಯಿತು, ಎರಡನೆಯದು ಹೆಂಚಿನ ಮೇಲೆ ಹರಿಯಿತು. ಹರಿದ ರೊಟ್ಟಿಯನ್ನೇ ಒಯ್ದೆವು. ಬಾಬಾ ಅದನ್ನು ತಿನ್ನುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ಅವರ ಊರಿಗೆ ನಾವು ಎರಡು ಕಾಗದ ಬರೆದೆವು. ಎರಡನೆಯದಕ್ಕೆ ಅಂಚೆಯವರ ಷರಾ ಬಂತು: ಮನೆಗೆ ಬೀಗ ಹಾಕಿದೆ. ಅದನ್ನು ಓದಿ ಹೇಳಿದಾಗ ಬಾಬಾ, “ಇರ್ಲಿ ಬಿಡ್ರಿ,” ಎಂದು ತಂದೆಯವರ ಕಡೆ ತಿರುಗಿ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದರು. ಅಂದಿನಿಂದ ಭಾನುವಾರ ಬೆಳಿಗ್ಗೆ ತಂದೆಯವರನ್ನು ಅಲ್ಲಿ ಬಿಟ್ಟು ಬರುವುದು ನಮ್ಮ ಕೆಲಸ. ಇಬ್ಬರೂ ಬಿಸಿಲಿಗೆ ಕುಳಿತು ಮಳೆ ಬೆಳೆ ಮಾತಾಡುತ್ತಾರೆ. ಒಬ್ಬರದು ಹಾಸನದ ಕನ್ನಡ, ಒಬ್ಬರದು ಬಿಜಾಪುರದ್ದು. ಅರ್ಧಕ್ಕರ್ಧ ಮಾತು ಒಬ್ಬರದೊಬ್ಬರಿಗೆ ತಿಳಿಯುವುದಿಲ್ಲವೆಂದು ನಮ್ಮ ಗುಮಾನಿ.

ಹಿರಿಯರನ್ನು ಕಾಶಿಗೆ ಕರೆತರುವ ಓದುಗರಲ್ಲಿ ಒಂದು ವಿಜ್ಞಾಪನೆ. ಇಳಿದುಕೊಂಡ ಸ್ಥಳದ ವಿಳಾಸ, ಫೋನ್ ನಂಬರುಗಳನ್ನು ಹಿಂದಿಯ ಅಕ್ಷರದಲ್ಲಿ ಬರೆದು ಅವರ ಜುಬ್ಬದ ಜೇಬಿನಲ್ಲಿಡಿ. ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಸ್ನಾನಕ್ಕೆ ಹೋಗುವವರಿಗೆ ಕೊರಳಿನ ದಾರಕ್ಕೇ ಕಟ್ಟಿದರೆ ಇನ್ನೂ ಒಳ್ಳೆಯದು. ನಮ್ಮ ತಂದೆಯವರಿಗೆ ಈಗ ಹಾಗೆಯೇ ಕಟ್ಟಿದ್ದೇವೆ. ಅವರು ದಿನಕ್ಕೊಮ್ಮೆ ಗೊಣಗುತ್ತಾರೆ.

ಇನ್ನೊಂದು. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಈ ಚಳಿಗಾಲದಲ್ಲಿ ಯಾರಾದರೂ ಕಾಶಿಗೆ ಬರುವವರಿದ್ದರೆ ಎರಡು ಕಿಲೋ ಜೋಳದ ಹಿಟ್ಟು ತರಬೇಕಾಗಿ ಪ್ರಾರ್ಥನೆ. ಇಲ್ಲಿ ಸಿಗುವುದರಲ್ಲಿ ಜಿಗಟು ಸಾಲದೆಂದು ನಮ್ಮಾಕೆಯ ವಾದ. ಬಾಬಾ ಅವರದೂ ಅದೇ ಅಭಿಪ್ರಾಯ.