ದ್ರೌಪದಿ, ಎಡದಿಂದ ಮೂರನೆಯವನು

ತೂಬಗೆರೆಯ ಆ ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಒಂದು ಗ್ರೂಪ್ ಫೋಟೋ ಇದೆ. ಹದಿನಾಲ್ಕು ಹುಡುಗರು. ನಡುವಿನ ಕುರ್ಚಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು, ಪಕ್ಕದಲ್ಲಿ ಗದೆ ಊರಿಕೊಂಡ ದುರ್ಯೋಧನ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ ಅಭಿಮನ್ಯು. ಎಡದಿಂದ ಮೂರನೆಯ ದ್ರೌಪದಿಯೇ ಈಗ ನನ್ನೆದುರು ಎಲೆಅಡಿಕೆ ಮೆಲ್ಲುತ್ತ ಕೂತಿರುವ ತಾತ.

"ರಾತ್ರಿಯೆಲ್ಲಾ ಆಡಿ ಬೆಳಿಗ್ಗೆ ತೆಗೆಸಿದ್ದು ಕಣಪ್ಪ. ಡ್ರೆಸ್ಸು ಬಾಡಿಗೇದು, ವಾಪಸ್ ಕೊಡೋ ಆತುರ. ಎಲ್ರ ಕಣ್ಣೂ ಹೆಂಗೆ ಕೆಂಪಗವೆ ನೋಡು."

ಕಪ್ಪು-ಬಿಳುಪು ಚಿತ್ರದಲ್ಲಿ ಆ ಕೆಂಪು ಕಾಣುವುದು ಅವರೊಬ್ಬರಿಗೇ. ನನಗೆ ಕಂಡದ್ದು ಬೆವರಿಗೆ ಒಂದು ಕಡೆ ಜಾರಿದ ಶಕುನಿಯ ಮೀಸೆ. ನಸುಕಿನಲ್ಲಷ್ಟೇ ತೊಡೆ ಮುರಿಸಿಕೊಂಡು ಸತ್ತಿದ್ದ ದುರ್ಯೋಧನ, ಭೀಮನ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದಾನೆ.

ಈ ಸೀಮೆಗೆ 'ಕುರುಕ್ಷೇತ್ರ'ದ ಹುಚ್ಚು ಹತ್ತಿಸಿದ್ದೇ ಗುಬ್ಬಿ ಕಂಪನಿ ಎನ್ನುತ್ತಾರೆ ತಾತ. 1884ರಲ್ಲಿ ಶುರುವಾದ ನಾಟಕ ಕಂಪನಿಯದು. ಅದರ ಒಡೆಯ ಗುಬ್ಬಿ ವೀರಣ್ಣನವರ ಕಾಲದಲ್ಲಿ ಇದೇ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ವೀರಣ್ಣ ತಾವೇ ಬಾಲಕನಾಗಿ ಬಣ್ಣ ಹಚ್ಚಿದವರು. ರಾಜ್‌ಕುಮಾರ್ ಅಪ್ಪನ ಜೊತೆ, ಬಿ.ವಿ. ಕಾರಂತ ಮನೆ ಬಿಟ್ಟು ಓಡಿಬಂದು, ಇಬ್ಬರೂ ಎಳವೆಯಲ್ಲೇ ಆ ಕಂಪನಿಯ ನೆರಳು ಸೇರಿದರು.

ಹಳ್ಳಿ ಹುಡುಗರಿಗೆ ಆನೆ ಎಲ್ಲಿಂದ ಬರಬೇಕು? ಸೀನರಿ ಬಾಡಿಗೆ, ಕಿರೀಟ ಬಾಡಿಗೆ. ತಿಂಗಳುಗಟ್ಟಲೆ ಪ್ರಾಕ್ಟೀಸು, ಅಷ್ಟೂ ದಿನ ಮೇಷ್ಟ್ರಿಗೆ ಸರದಿ ಪ್ರಕಾರ ಮನೆಮನೆ ಊಟ. ಪಾತ್ರದ ತೂಕ ನೋಡಿ ಒಬ್ಬೊಬ್ಬರೂ ದುಡ್ಡು ಹಾಕಬೇಕು. "ಸೀರೆ ಉಡೋಕೆ ಯಾರೂ ಒಪ್ಲಿಲ್ಲ, ಅದ್ಕೇ ನಂಗೆ ಬಿಟ್ಟಿ" ಎಂದು ತಾತ ನಕ್ಕರು. ಈಗ ಸ್ತ್ರೀಪಾತ್ರಕ್ಕೆ ಸಂಭಾವನೆ ಕೊಟ್ಟು ಕಲಾವಿದೆಯರನ್ನೇ ಕರೆಸುತ್ತಾರೆ.

ಹೀಗೆ ವೇಷದಲ್ಲೇ ಫೋಟೋಗೆ ನಿಂತವರು ನಮ್ಮ ಹುಡುಗರಷ್ಟೇ ಅಲ್ಲ. ಜಾವಾದ ಯೋಗ್ಯಕರ್ತದಲ್ಲಿ ಕಸಿಯನ್ ಸೆಫಾಸ್ (1845–1912) ಎಂಬ ಆಸ್ಥಾನದ ಫೋಟೋಗ್ರಾಫರ್ ಇದ್ದ. 'ವಯಾಂಗ್ ವೋಂಗ್' ಎಂಬ ನೃತ್ಯನಾಟಕದ ವೇಷಧಾರಿಗಳನ್ನು ಆತ ಸೆರೆಹಿಡಿದ. ಅವರು ಆಡುತ್ತಿದ್ದದ್ದೂ ರಾಮಾಯಣ, ಮಹಾಭಾರತವೇ. ಆ ಅರಮನೆಯಲ್ಲೂ ಹೆಣ್ಣುವೇಷ ಗಂಡಸರದೇ. ಆ ಚಿತ್ರಗಳು ಇಂದು ನೆದರ್ಲೆಂಡ್ಸ್‌ನ ಸಂಗ್ರಹಗಳಲ್ಲಿ ಬೆಚ್ಚಗಿವೆ. ನಮ್ಮಲ್ಲೂ 2023ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ 'ಮ್ಯಾಪ್' ಸಂಗ್ರಹಾಲಯ ಬಾಗಿಲು ತೆರೆದಿದೆ. ಆದರೆ ಸಂಗ್ರಹಾಲಯಗಳ ಹಳೆಯ ಗುಂಪುಚಿತ್ರಗಳ ಕೆಳಗೆ ಎಷ್ಟೋ ಸಲ 'ಯುವ ನಟರು' ಎಂದಿಷ್ಟೇ ಬರೆದಿರುತ್ತದೆ. ಹೆಸರು ಕೇಳಿದರೆ ಹೇಳುವವರಿಲ್ಲ.

ತಾತನ ಬಳಿ ಎಲ್ಲರ ಹೆಸರೂ ಇದೆ, ನಾಟಕದ ಹೆಸರು. "ಭೀಮ ಲಾರಿ ಓಡ್ಸೋಕೆ ಹೋದ. ಕರ್ಣನ ಮಗಳ ಮದ್ವೆ ಘಾಟೀಲಾಯ್ತು, ನಾನೂ ಹೋಗಿದ್ದೆ. ಧರ್ಮರಾಯ ಹೋದ್ವರ್ಷ ತೀರ್ಕೊಂಡ."

ಫೋಟೋ ಬಿಚ್ಚಿ ಸ್ಕ್ಯಾನ್ ಮಾಡಿಸೋಣವೇ ಎಂದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಕೂರಿಸುವುದು ಸಂಗ್ರಹಾಲಯದವರ ಕ್ರಮ. ಇಲ್ಲಿ ಅದಿಲ್ಲ. ಎಷ್ಟೋ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೇ ಕಚ್ಚಿಕೊಂಡಿದೆ. ಎಳೆದರೆ ಮುಖಗಳೇ ಕಿತ್ತು ಬರುತ್ತವೆ. ಮೊಬೈಲಿನಲ್ಲಿ ತೆಗೆದರೆ ದುರ್ಯೋಧನನ ಎದೆಯ ಮೇಲೆ ನನ್ನದೇ ನೆರಳು.

ಬಲಮೂಲೆಯಲ್ಲಿ ಒಂದು ಮುಖ ಆಗಲೇ ಬಿಳಿಯ ಕಲೆಯಾಗಿತ್ತು.

"ಇದು ಯಾರು ತಾತ?"

ತಾತ ಪಟವನ್ನು ಕೆಳಗಿಳಿಸಿ, ಪಂಚೆಯ ತುದಿಯಿಂದ ಕನ್ನಡಕ ಒರೆಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಕುಲನೋ, ಸಹದೇವನೋ..." ಎನ್ನುತ್ತ ಪಟವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.