ಕಾರಿಗೂ ಕೀಲುನೋವು ಬರುತ್ತೆ

 

ನಮ್ಮ ಮಾವನ ಹತ್ತಿರ ಒಂದು ಹಳೇ ಮಾರುತಿ 800 ಕಾರು ಇದೆ. ಈ ಕಾರು ನಮ್ಮ ದೇಶದಲ್ಲಿ 1983ರಲ್ಲಿ ಬಂತು. 2014ರಲ್ಲಿ ಇದನ್ನು ತಯಾರಿಸುವುದು ನಿಂತಿತು. ಆದರೂ ಹಳೇ ಕಾರುಗಳು ಓಡುತ್ತಲೇ ಇವೆ. ನಮ್ಮ ಬೀದಿಯಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ತಾಲ್ಲೂಕು ಆಸ್ಪತ್ರೆಗೆ ಮಾವನ ಕಾರೇ ಹೋಗುವುದು.

ಹೋದ ತಿಂಗಳಿಂದ ಗುಂಡಿಗೆ ಇಳಿದಾಗಲೆಲ್ಲಾ ಮುಂದಿನ ಎಡಗಡೆ ಚಕ್ರದಲ್ಲಿ 'ಕಟಕ್ ಕಟಕ್' ಅಂತ ಸದ್ದು ಬರುತ್ತಿತ್ತು. ಮಾವ "ಹಳೇ ಗಾಡಿ, ಸದ್ದು ಮಾಡುತ್ತೆ ಬಿಡು" ಅಂದರು. ಆಮೇಲೆ ಆ ಟೈರಿನ ಒಳಗಿನ ಅಂಚು ಮಾತ್ರ ಸವೆಯಿತು. ಸ್ಟೇರಿಂಗೂ ಒಂದು ಕಡೆಗೆ ಎಳೆಯತೊಡಗಿತು. ಭಾನುವಾರ ಗ್ಯಾರೇಜಿಗೆ ಹೋದೆವು. ನಾನು ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮುಂದಿನ ಚಕ್ರಕ್ಕೆ ಎರಡು ಕೆಲಸ. ಗುಂಡಿ ಬಂದರೆ ಮೇಲೆ ಕೆಳಗೆ ಆಡಬೇಕು, ಸ್ಟೇರಿಂಗ್ ತಿರುಗಿಸಿದರೆ ತಿರುಗಬೇಕು. ಅದಕ್ಕೇ ಅದನ್ನು ಕೀಲುಗಳಿಂದ ಹಿಡಿದಿರುತ್ತಾರೆ. ಕೆಳಗೆ ಇರುವ ಕಬ್ಬಿಣದ ತೋಳಿಗೆ ಲೋವರ್ ಆರ್ಮ್ ಅನ್ನುತ್ತಾರೆ. ಅದರ ಒಳತುದಿಯಲ್ಲಿ ರಬ್ಬರ್ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತೆ. ಸ್ಟೇರಿಂಗ್ ಹೇಳಿದ್ದನ್ನು ಚಕ್ರಕ್ಕೆ ಮುಟ್ಟಿಸುವುದು ಟೈ ರಾಡ್. ಅದರ ತುದಿಯೂ ಒಂದು ಬಾಲ್ ಜಾಯಿಂಟೇ. ನಮ್ಮ ವಿಜ್ಞಾನ ಪಾಠದಲ್ಲಿ ಹೆಗಲಿನ ಕೀಲು ಬರುತ್ತಲ್ಲ, ಗುಳಿಯೊಳಗೆ ಚೆಂಡು, ಹಾಗೇ ಇದೂ. ಒಳಗೆ ಗ್ರೀಸ್, ಮೇಲೆ ರಬ್ಬರ್ ಟೋಪಿ. ಟೋಪಿ ಹರಿದರೆ ಮಣ್ಣು ನೀರು ಒಳಗೆ ಸೇರಿ ಕೀಲು ಸವೆಯುತ್ತೆ.

ಕಾರನ್ನು ಜಾಕಿನಲ್ಲಿ ಎತ್ತಿ ಗ್ಯಾರೇಜಿನ ಅಣ್ಣ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದರು. ಲಟಕ್ ಅಂತು. ಅದು ಟೈ ರಾಡ್ ತುದಿಯದು. ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಹೀಗೆ ಆಡಿದರೆ ಬಾಲ್ ಜಾಯಿಂಟ್ ಇಲ್ಲವೇ ಬೇರಿಂಗ್ ಹೋಗಿದೆ ಅಂತ ಅರ್ಥ. ನಾನು ಬ್ಯಾಟರಿ ಹಿಡಿದೆ. ಬಾಲ್ ಜಾಯಿಂಟೇ ಆಡುತ್ತಿತ್ತು.

ಅವರು ಮಾಡಿದ್ದು ಹೀಗೆ:

1. ಕಾರಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟರು. ಬರೀ ಜಾಕ್ ನಂಬಿ ಯಾರೂ ಕೆಳಗೆ ನುಗ್ಗಬಾರದು.

2. ಹಳೇ ಟೈ ರಾಡ್ ತುದಿ ಬಿಚ್ಚುವಾಗ ಎಷ್ಟು ಸುತ್ತು ಅಂತ ನನ್ನ ಕೈಲಿ ಎಣಿಸಿದರು. ಹೊಸದನ್ನೂ ಅಷ್ಟೇ ಸುತ್ತು ತಿರುಗಿಸಿದರು. ಇಲ್ಲದಿದ್ದರೆ ಚಕ್ರ ಓರೆಯಾಗುತ್ತೆ.

3. ಲೋವರ್ ಆರ್ಮ್ ಪೂರ್ತಿ ಹೊಸದು ಹಾಕಿದರು.

4. ರಬ್ಬರ್ ಬುಷ್ಷಿನ ಬೋಲ್ಟನ್ನು ಚಕ್ರ ನೆಲಕ್ಕೆ ಕೂತ ಮೇಲೆ ಪೂರ್ತಿ ಬಿಗಿ ಮಾಡಿದರು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

5. ಟೈ ರಾಡ್ ತುದಿಯ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದರು.

ಮಾವ "ಹಳೇ ಪಿನ್ನೇ ಸಾಕಲ್ವಾ?" ಅಂದರು. ಆ ಅಣ್ಣ "ಬೇಡಣ್ಣ, ಒಂದು ಸಲ ಬಗ್ಗಿಸಿದ್ದು ಮತ್ತೆ ಬಗ್ಗಿಸಿದರೆ ಮುರಿಯುತ್ತೆ. ನಟ್ಟು ಬಿಚ್ಚಿ ಕೀಲು ಕಳಚಿದರೆ ನೀವು ಸ್ಟೇರಿಂಗ್ ತಿರುಗಿಸ್ತಾನೇ ಇರ್ತೀರಿ, ಚಕ್ರ ಅದರ ದಾರಿ ಹಿಡಿಯುತ್ತೆ" ಅಂದರು. ಮಾವ ಮಾತಾಡಲಿಲ್ಲ. ಹೋದ ವಾರವಷ್ಟೇ ನಮ್ಮ ಅಕ್ಕನನ್ನು ಹೆರಿಗೆಗೆ ಅದೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ನನಗೆ ಮೈ ಜುಮ್ಮೆಂದಿತು.

ಅಲ್ಲಿಂದ ನೇರ ಪೇಟೆಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿದೆವು. ಅದನ್ನು ಬಿಟ್ಟರೆ ಹೊಸ ಟೈರೂ ಸವೆದು ಹೋಗುತ್ತೆ.

ಮನೆಗೆ ಬಂದು ತಾತನಿಗೆ ಹೇಳಿದೆ. ತಾತ "ನಮ್ಮ ಎತ್ತಿನಗಾಡಿಗೆ ಕಡಾಣಿ ಇದ್ದ ಹಾಗೆ ಕಣಪ್ಪ. ಬೆರಳುದ್ದದ ಕಬ್ಬಿಣ, ಅದು ಬಿದ್ದರೆ ಗಾಲಿಯೇ ಹೋಯ್ತು" ಅಂದರು.

ಗೆಳೆಯರೇ, ಈ ಕೆಲಸ ನಾವು ಮಕ್ಕಳು ಮಾಡುವುದಲ್ಲ. ಆದರೆ ನಮಗೆ ಕಿವಿ ಇದೆ. ನಿಮ್ಮ ಮನೆಯ ಗಾಡಿ ಕಟಕ್ ಅಂದರೆ ದೊಡ್ಡವರಿಗೆ ಹೇಳಿ. ಬಿಡು ಅಂದರೆ ಇನ್ನೊಂದು ಸಲ ಹೇಳಿ.

— 7ನೇ ತರಗತಿ ವಿದ್ಯಾರ್ಥಿ